ಅವಳು ಹಿಂದಕ್ಕೆ ಒತ್ತಿಟ್ಟ ಗುಂಡಿ

ಹಳೆಯ ಬ್ಯಾಟರಿ ಡ್ರಿಲ್ ಮಷಿನ್ನು ಕೊಟ್ಟು ಹೊಸದನ್ನು ಒಯ್ಯಿರಿ ಎಂದು ಬರೆದ ಬ್ಯಾನರ್ ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಯ ಮುಂದೆ ತೂಗಿದ ದಿನದಿಂದ ಉದ್ದಣ್ಣ ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟ. ಸ್ಕ್ರೂ ಬೇಕಾದರೂ ರೈಲುಹಳಿಯ ಆಚೆಗಿನ ಅಂಗಡಿಗೆ ಸುತ್ತುಹಾಕಿ ಹೋಗುತ್ತಿದ್ದ. ಯಾಕೆಂದು ಮಗಳು ಕೇಳಿದರೆ, ‘ಅಲ್ಲಿ ಸ್ಕ್ರೂ ಗಟ್ಟಿ ಇರ್ತವೆ’ ಎನ್ನುತ್ತಿದ್ದ. ಎರಡೂ ಅಂಗಡಿಗಳಿಗೆ ಸ್ಕ್ರೂ ಬರುವುದು ಒಂದೇ ಗಾಡಿಯಲ್ಲಿ ಎಂಬುದು ಇಬ್ಬರಿಗೂ ಗೊತ್ತಿತ್ತು.

ಉದ್ದಣ್ಣ ಬಡಗಿ. ಬಾಗಿಲು, ಕಪಾಟು, ಅಡುಗೆಮನೆಯ ಗೂಡುಗಳನ್ನು ಮನೆಮನೆಗೆ ಹೋಗಿ ಕೂರಿಸುವುದು ಅವನ ಕೆಲಸ. ಹೆಸರೇ ಹೇಳುವಂತೆ ಎತ್ತರದ ಆಳು; ತಾನೇ ಅಳತೆ ಹಿಡಿದು ಕೂರಿಸಿದ ಬಾಗಿಲುಗಳಿಗೆ ತಾನೇ ತಲೆತಗ್ಗಿಸಿ ಒಳಹೋಗಬೇಕಾದವನು. ಅವನ ಹೆಂಡತಿ ಅವನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಊಟದ ಡಬ್ಬಿ ಕೊಡಲೆಂದು ಅವನ ಕೆಲಸದ ಜಾಗಕ್ಕೆ ಹೋಗುತ್ತಿದ್ದಳು. ಒಂದು ದಿನ ಹಲಗೆಯ ಇನ್ನೊಂದು ತುದಿ ಹಿಡಿಯಲು ಜನವಿಲ್ಲದೆ ಅವನು ಒದ್ದಾಡುವುದನ್ನು ಕಂಡು ತಾನೇ ಹಿಡಿದಳು. ಹಿಡಿದ ತುದಿಯನ್ನು ಆಮೇಲೆ ಬಿಡಲಿಲ್ಲ.

ಮರಕ್ಕೆ ನೇರವಾಗಿ ಸ್ಕ್ರೂ ನುಗ್ಗಿಸಿದರೆ ಮರ ಸೀಳುತ್ತದೆ. ಮೊದಲು ಸಣ್ಣ ತೂತು, ಅನಂತರ ಸ್ಕ್ರೂ. ಮಷಿನ್ನು ಒಂದೇ ಇದ್ದರೆ ಪ್ರತಿ ಸಲವೂ ಮೂತಿಗೆ ಸಿಕ್ಕಿಸಿದ ಮೊನೆಯನ್ನು, ಅಂದರೆ ತೂತಿನ ಬಿಟ್ಟನ್ನು ಬಿಚ್ಚಿ ಸ್ಕ್ರೂವಿನ ಬಿಟ್ ಹಾಕಬೇಕು. ದಿನದ ಅರ್ಧ ಅದಕ್ಕೇ ಹೋಗುತ್ತದೆ. ಅದಕ್ಕಾಗಿ ಗಂಡಹೆಂಡಿರು ಒಂದೇ ಕಂಪನಿಯ ಎರಡು ಮಷಿನ್ನು ಕೊಂಡರು. ಬ್ಯಾಟರಿ ಅದಲುಬದಲಾದರೂ ನಡೆಯುವಂಥ ಅವಳಿ ಮಷಿನ್ನುಗಳು ಅವು. ಅವನು ತೂತು ಕೊರೆಯುತ್ತ ಮುಂದೆ ಹೋದರೆ ಅವಳು ಸ್ಕ್ರೂ ಬಿಗಿಯುತ್ತ ಹಿಂದೆಯೇ ಬರುತ್ತಿದ್ದಳು. ಎತ್ತರದಲ್ಲಿ ಬಿಗಿಯುವುದಿದ್ದಾಗ ಅವಳ ಮಷಿನ್ನು ಅವನ ಕೈಗೆ ಏರುತ್ತಿತ್ತು, ತಗ್ಗಿನಲ್ಲಿ ಕೊರೆಯುವುದಿದ್ದಾಗ ಅವನದು ಅವಳ ಕೈಗೆ ಇಳಿಯುತ್ತಿತ್ತು. ಬೀದಿಯ ಜನ ಅವರಿಗೆ ‘ಜೋಡಿ ಮಷಿನ್ನು’ ಎಂದೇ ಹೆಸರಿಟ್ಟರು.

ಈ ಕೊಟ್ಟುತೆಗೆದುಕೊಳ್ಳುವಿಕೆಗೆ ಒಂದು ಕಟ್ಟಳೆ ಹುಟ್ಟಿದ್ದು ಒಂದು ಗಾಯದಿಂದ. ಇಂಥ ಮಷಿನ್ನಿನ ಹಿಡಿಯಲ್ಲಿ, ಟ್ರಿಗರಿನ ತುಸು ಮೇಲೆ, ಆಚೀಚೆ ಜಾರುವ ಒಂದು ಗುಂಡಿ ಇರುತ್ತದೆ. ಬಲಗೈಯಲ್ಲಿ ಹಿಡಿದಾಗ ತೋರುಬೆರಳಿನಿಂದ ಒತ್ತಿದರೆ ಮೋಟರು ಮುಂದಕ್ಕೆ ತಿರುಗಿ ಸ್ಕ್ರೂವನ್ನು ಬಿಗಿಯುತ್ತದೆ. ಹೆಬ್ಬೆರಳಿನಿಂದ ಮರಳಿ ಒತ್ತಿದರೆ ಹಿಂದಕ್ಕೆ ತಿರುಗಿ ಬಿಚ್ಚುತ್ತದೆ. ಗುಂಡಿ ನಡುವೆ ನಿಂತರೆ ಟ್ರಿಗರು ಬಿಗಿದುಕೊಂಡು, ಒತ್ತಿದರೂ ಏನೂ ಆಗುವುದಿಲ್ಲ. ಜೊತೆಗೆ ಕೆಲಸ ಆರಂಭಿಸಿದ ಹೊಸತರಲ್ಲಿ ಏಣಿಯ ಮೇಲಿದ್ದ ಉದ್ದಣ್ಣ ಟ್ರಿಗರಿನ ಮೇಲೆ ಬೆರಳಿಟ್ಟುಕೊಂಡೇ ಮಷಿನ್ನನ್ನು ಕೆಳಗೆ ಚಾಚಿದ. ಅದು ತಿರುಗಿ ಅವಳ ತೋಳಿನ ಬಟ್ಟೆಯನ್ನು ಸುತ್ತಿಕೊಂಡಿತು. ಮೊಣಕೈಯ ಬಳಿ ಬಿಟ್ ಗೀರಿದ ಗುರುತು ಕೊನೆಯವರೆಗೂ ಉಳಿಯಿತು. ಅಂದಿನಿಂದ ಕೊಡುವವರು ಗುಂಡಿಯನ್ನು ನಡುವಿಗೆ ತಂದು ‘ನಡು’ ಎನ್ನಬೇಕು, ತೆಗೆದುಕೊಳ್ಳುವವರು ‘ಬಂತು’ ಎನ್ನಬೇಕು. ‘ನಡು’ ಕೇಳಿಸದೆ ಕೈಮುಟ್ಟುವಂತಿಲ್ಲ. ಕಟ್ಟಳೆ ಮಾಡಿದವಳು ಅವಳು.

ಒಬ್ಬ ಮನೆಯೊಡೆಯರು ಇದನ್ನು ಕೇಳಿ ಕೇಳಿ, ‘ಏನಮ್ಮ ಇದು, ಕವಾಯತಾ?’ ಎಂದಿದ್ದರು.

‘ಹೌದು ಸರ್. ಆ ಉದ್ದಂದು ಸಿಪಾಯಿ. ನಾನು ದಳಪತಿ.’

‘ಸಿಪಾಯಿಗೆ ಸಂಬಳ ಎಷ್ಟು?’

‘ಎರಡು ಹೊತ್ತು ಊಟ, ಮೂರು ಹೊತ್ತು ಬೈಗುಳ.’

ಕಟ್ಟಳೆ ಮೆಲ್ಲಗೆ ಮನೆಯೊಳಗೂ ಹೊಕ್ಕಿತು. ಬಿಸಿ ಪಾತ್ರೆ ಕೈಬದಲಾಗುವಾಗ ‘ನಡು’, ‘ಬಂತು’. ಹಸುಗೂಸಾಗಿದ್ದ ಮಗಳನ್ನು ಅವಳ ಮಡಿಲಿಗೆ ಕೊಡುವಾಗಲೂ ಅವನು ‘ನಡು’ ಎಂದದ್ದುಂಟು. ಆ ಮಗಳು ಮಾತು ಕಲಿತಾಗ, ಚಹಾದ ಲೋಟ ನೀಡಿದರೆ ‘ಬಂತು’ ಎಂದ ಮೇಲೆಯೇ ಹಿಡಿಯುತ್ತಿದ್ದಳು.

ಇಷ್ಟೆಲ್ಲ ಅಚ್ಚುಕಟ್ಟಿನ ಬಡಗಿಯ ಮನೆಯಲ್ಲಿ ಒಂದು ತಪ್ಪು ಮಾತ್ರ ಎಲ್ಲರ ಕಣ್ಣಿಗೂ ಬೀಳುವಂತೆ ಗೋಡೆಯ ಮೇಲಿತ್ತು. ಅಡುಗೆಮನೆಯ ಒಲೆಯ ಪಕ್ಕದ ಹಲಗೆ. ಮದುವೆಗೆ ಮುಂಚೆ ಒಂಟಿಯಾಗಿದ್ದಾಗ ತನ್ನ ಎತ್ತರಕ್ಕೆ ಹೊಡೆದುಕೊಂಡದ್ದು. ಅವಳು ಪ್ರತಿ ಸಲವೂ ಸ್ಟೂಲು ಹತ್ತಿ ಡಬ್ಬಿ ಇಳಿಸಬೇಕಿತ್ತು.

‘ಊರಿಗೆಲ್ಲ ಅಳತೆ ಹಿಡಿದು ಹೊಡೀತೀರ, ನಮ್ಮನೇಲಿ ಮಾತ್ರ ಆಕಾಶ ಹಿಡಿದು ಹೊಡ್ದಿದ್ದೀರ. ಇದೇನು ಜಿರಾಫೆ ಸಾಕೋ ಮನೇನಾ?’

‘ಬರೋ ಭಾನುವಾರ ಇಳಿಸ್ತೀನಿ ಕಣೆ.’

‘ಯಾವ ವರ್ಷದ ಭಾನುವಾರ ಅಂತ ಹೇಳ್ಬಿಡ್ರಿ, ಅಲ್ಲೀವರೆಗೂ ಉದ್ದ ಬೆಳೆಯೋಕೆ ನೋಡ್ತೀನಿ.’

ಆ ಭಾನುವಾರ ಬರಲಿಲ್ಲ. ಒಂದು ಬೆಳಗ್ಗೆ, ಉದ್ದಣ್ಣ ಯಾರದೋ ಮನೆಯ ಅಳತೆಗೆಂದು ಹೋಗಿದ್ದಾಗ, ಅವಳು ತನ್ನ ಮಷಿನ್ನು ತಂದು, ಸ್ಟೂಲು ಹತ್ತಿ, ಹಲಗೆಯನ್ನು ತಾನೇ ಇಳಿಸಲು ಹೊರಟಳು. ಡಬ್ಬಿಗಳನ್ನು ಕೆಳಗೆ ಸಾಲಾಗಿ ಜೋಡಿಸಿದ್ದಳು. ಎಡಗಡೆಯ ಆಸರೆಯ ಸ್ಕ್ರೂಗಳನ್ನು ಬಿಚ್ಚಿ ಒಂದು ಡಬ್ಬಿಯ ಮುಚ್ಚಳದಲ್ಲಿ ಹಾಕಿದ್ದಳು. ಬಲಗಡೆಯವು ಎರಡು ಉಳಿದಿದ್ದವು. ಉದ್ದಣ್ಣ ಮನೆಗೆ ಬಂದಾಗ ಅವಳು ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು, ದಣಿವಾರಿಸಿಕೊಳ್ಳುವವಳ ಹಾಗೆ. ಮೆದುಳಿನ ರಕ್ತನಾಳ ಒಡೆದಿತ್ತು ಎಂದು ವೈದ್ಯರು ಹೇಳಿದರು; ಬೇಗ ಬಂದಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ ಎಂದೂ ಹೇಳಿದರು. ಎರಡನೆಯ ಮಾತು ನಿಜವೋ, ಕರುಣೆಯೋ, ತಿಳಿಯುವ ದಾರಿಯಿಲ್ಲ.

ಮಷಿನ್ನು ಬಿದ್ದಿರಲಿಲ್ಲ. ತಲೆ ಸುತ್ತಿದಾಗಲೂ ಅವಳು ಅದನ್ನು ಸ್ಟೂಲಿನ ಮೇಲೆ ನೆಟ್ಟಗೆ ಇಟ್ಟು ಆಮೇಲೆ ಕೂತಿದ್ದಳು. ಎಲ್ಲ ಮುಗಿದು ಬಂಧುಗಳು ಚದುರಿದ ಮೇಲೆ ಉದ್ದಣ್ಣ ಅದನ್ನು ನೋಡಿದ. ಗುಂಡಿ ಹಿಂದಕ್ಕೆ ಒತ್ತಿದ ಹಾಗೆಯೇ ಇತ್ತು. ಅವನಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಗುಂಡಿಯನ್ನು ನಡುವಿಗೆ ತರುವುದು ಇನ್ನೊಬ್ಬರ ಕೈಗೆ ಕೊಡುವಾಗ. ತಾನೇ ಮತ್ತೆ ಎತ್ತಿಕೊಳ್ಳುವ ಮಷಿನ್ನನ್ನು ಹಾಗೆಯೇ ಇಡುತ್ತಾರೆ. ಅಂದರೆ ಅವಳು ಒಂದು ಗಳಿಗೆ ಕೂತು ಎದ್ದು ಉಳಿದೆರಡನ್ನೂ ಬಿಚ್ಚುತ್ತೇನೆ ಎಂದುಕೊಂಡೇ ಇಟ್ಟಿದ್ದಳು.

ಅವನು ಹಿಡಿಯನ್ನು ಮುಟ್ಟದೆ, ಮೂತಿಯನ್ನೂ ಬುಡದ ಬ್ಯಾಟರಿಯನ್ನೂ ಎರಡು ಕೈಯಲ್ಲಿ ಹಿಡಿದು, ಮಷಿನ್ನನ್ನು ಅದರ ಪೆಟ್ಟಿಗೆಯೊಳಗೆ ಮಲಗಿಸಿದ. ಹಲಗೆಯನ್ನೂ ಮುಟ್ಟಲಿಲ್ಲ. ಅದು ಎರಡು ಸ್ಕ್ರೂಗಳ ಮೇಲೆ ಒಂದು ಕಡೆಗೆ ವಾಲಿ ನಿಂತಿತು.

ವಸ್ತುನಿಷ್ಠವಾಗಿ ನೋಡಿದರೆ ಆ ಗುಂಡಿಯಲ್ಲಿ ಅವಳದೆಂಬುದು ಏನೂ ಉಳಿದಿರಲಿಲ್ಲ. ಬೆರಳಿನ ಜಿಡ್ಡು ಒಣಗಿ ಧೂಳಾಗುತ್ತದೆ. ಬೆರಳಿನ ಬಿಸುಪು ಪ್ಲಾಸ್ಟಿಕ್ಕಿನಲ್ಲಿ ನಿಮಿಷಗಟ್ಟಲೆ ನಿಲ್ಲುವುದಿಲ್ಲ. ಯಾವ ಉಪಕರಣದಿಂದ ಅಳೆದರೂ ಅಲ್ಲಿ ಸಿಗುತ್ತಿದ್ದುದು ಒಂದೇ ಸಂಗತಿ: ಮೂರು ನೆಲೆಗಳಲ್ಲಿ ನಿಲ್ಲಬಹುದಾದ ಗುಂಡಿ ಇಂಥ ಒಂದು ನೆಲೆಯಲ್ಲಿ ನಿಂತಿದೆ. ಸತ್ತವರು ವಸ್ತುಗಳಲ್ಲಿ ಉಳಿಯುತ್ತಾರೆ ಎಂಬ ಮಾತನ್ನು ಸುಮ್ಮನೆ ಒಪ್ಪಿಕೊಳ್ಳುವುದು ಕಷ್ಟ. ಆದರೆ ಅವಳು ‘ಮತ್ತೆ ಏಳುತ್ತೇನೆ’ ಎಂದುಕೊಂಡಿದ್ದಳು ಎಂಬುದಕ್ಕೆ ಲೋಕದಲ್ಲಿದ್ದ ಸಾಕ್ಷ್ಯ ಅದೊಂದೇ. ಉದ್ದಣ್ಣ ಕಾಯುತ್ತಿದ್ದುದು ಮಷಿನ್ನನ್ನಲ್ಲ, ಆ ಸಾಕ್ಷ್ಯವನ್ನು. ಯಾರಿಗೂ ಹೇಳಲಿಲ್ಲ.

ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಅದನ್ನು ಬಿಟ್ಟು ಅಪ್ಪನ ಜೊತೆಗೆ ನಿಂತಳು. ಅವಳಿಗೆ ಕೆಲಸ ಹೊಸದಲ್ಲ. ಹಲಗೆಗಳ ನಡುವೆಯೇ ಬೆಳೆದವಳು, ಎತ್ತರದಲ್ಲಿ ತಾಯಿಯ ಪಡಿಯಚ್ಚು. ಬಂದ ಮೊದಲ ದಿನವೇ ಕೇಳಿದಳು.

‘ಅಪ್ಪ, ಅಮ್ಮನ ಮಷಿನ್ ನಾನು ತಗೊಳ್ಳಲಾ?’

‘ಅದು ಬೇಡ ಪುಟ್ಟಿ.’

‘ಕೆಟ್ಟಿದೆಯಾ?’

‘ಬೇಡ ಅಂದ್ನಲ್ಲ.’

ಹೀಗಾಗಿ ಇಬ್ಬರಿಗೆ ಒಂದೇ ಮಷಿನ್ನಾಯಿತು. ತೂತು, ಬಿಟ್ ಬಿಚ್ಚು, ಬಿಟ್ ಹಾಕು, ಸ್ಕ್ರೂ. ಉದ್ದಣ್ಣ ಕೊರೆದು ಮುಗಿಸಿ ಹಿಂದಕ್ಕೆ ಕೈಚಾಚಿದರೆ ಅಂಗೈಗೆ ಏನೂ ಬರುತ್ತಿರಲಿಲ್ಲ. ಕೈಯನ್ನು ಹಾಗೆಯೇ ಸ್ವಲ್ಪ ಹೊತ್ತು ಹಿಡಿದಿದ್ದು, ಅದಕ್ಕಾಗಿಯೇ ಚಾಚಿದೆನೆಂಬಂತೆ ಬೆವರು ಒರೆಸಿಕೊಳ್ಳುತ್ತಿದ್ದ. ಮಗಳು ನೋಡಿಯೂ ನೋಡದಂತೆ ಇರುತ್ತಿದ್ದಳು.

ಅಷ್ಟರಲ್ಲಿ ಕಂಪನಿ ಆ ಹಳೆಯ ನಮೂನೆಯ ಬ್ಯಾಟರಿ ಮಾಡುವುದನ್ನು ನಿಲ್ಲಿಸಿತು. ಅವನ ಬ್ಯಾಟರಿ ದಿನದಿಂದ ದಿನಕ್ಕೆ ಸೊರಗಿತು. ಅವಳ ಮಷಿನ್ನಿನಲ್ಲಿದ್ದುದನ್ನು ತೆಗೆದು ಹಾಕಿಕೊಳ್ಳಬಹುದಿತ್ತು, ಆದರೆ ಅದನ್ನು ಕಳಚಲು ಹಿಡಿಯನ್ನು ಬಿಗಿಹಿಡಿಯಬೇಕು. ಅವನು ಕಳಚಲಿಲ್ಲ. ಬ್ಯಾಟರಿ ಬಳಸದೆ ಇಟ್ಟಮಾತ್ರಕ್ಕೆ ಉಳಿಯುವ ಪದಾರ್ಥವಲ್ಲ. ಒಳಗಿನ ರಸಾಯನ ತನ್ನ ಪಾಡಿಗೆ ತಾನು ನಡೆಯುತ್ತಲೇ ಇರುತ್ತದೆ. ಪೆಟ್ಟಿಗೆಯೊಳಗೆ ಅದು ಸದ್ದಿಲ್ಲದೆ ಬತ್ತಿಹೋಯಿತು.

ಕೊನೆಗೆ ಅವನ ಹಟವನ್ನು ಮುರಿದದ್ದು ಒಂದು ಕಪಾಟಿನ ಬಾಗಿಲು. ಭಾರದ ಬಾಗಿಲು, ಮಗಳು ಅದನ್ನು ಭುಜಕ್ಕೆ ಆನಿಸಿ ಎತ್ತಿಹಿಡಿದಿದ್ದಳು, ಅವನು ಮೇಲಿನ ಕೀಲಿಗೆ ಸ್ಕ್ರೂ ಬಿಡುತ್ತಿದ್ದ. ಸ್ಕ್ರೂ ಅರ್ಧಕ್ಕೆ ಹೋಗಿ ಮಷಿನ್ನು ಸತ್ತಿತು. ಕೈಯಿಂದ ತಿರುಗಿಸುವ ಸ್ಕ್ರೂಡ್ರೈವರು ಚೀಲದ ತಳದಲ್ಲಿತ್ತು. ಅವನು ಹುಡುಕಿ ತರುವಷ್ಟರಲ್ಲಿ ಅವಳ ಭುಜದಲ್ಲಿ ಏನೋ ಉಳುಕಿ, ಬಾಗಿಲನ್ನು ಬಿಡಲಾರದೆ, ಹಿಡಿಯಲಾರದೆ, ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಕೂಗಿಕೊಳ್ಳಲಿಲ್ಲ. ಕೂಗಿಕೊಂಡಿದ್ದರೆ ಅವನಿಗೆ ವಾಸಿಯೆನಿಸುತ್ತಿತ್ತು.

ದಾರಿಯಲ್ಲಿ ಅವನೇ ಮಾತೆತ್ತಿದ. ‘ಆ ಬ್ಯಾನರ್ ಅಂಗಡಿಗೆ ಹೋಗೋಣ.’

‘ಎರಡು ಕೊಟ್ರೇನೇ ಹೊಸ ಜೋಡಿ ಕೊಡ್ತಾರಂತಪ್ಪ. ಒಂದಕ್ಕೆ ಒಂದೇ.’

‘ಎರಡನ್ನೂ ಒಯ್ಯೋಣ. ಅಲ್ಲಿ ನೋಡೋಣ.’

ಅಂಗಡಿಯ ಯಜಮಾನನಿಗೆ ಎಲ್ಲರೂ ಗ್ಯಾರಂಟಿ ಸಾಹುಕಾರ ಎನ್ನುತ್ತಿದ್ದರು. ಮೊಳೆ ಮಾರಿದರೂ ‘ಗ್ಯಾರಂಟಿ’ ಎನ್ನದೆ ಕೊಡುವವನಲ್ಲ.

‘ಬನ್ನಿ ಬನ್ನಿ ಉದ್ದಣ್ಣ! ಹಳಿ ಆಚೆ ಅಂಗಡಿ ಮುಂದೆ ನಿಮ್ಮ ಸೈಕಲ್ ಕಂಡೋರಿದ್ದಾರೆ, ನನ್ನ ಹತ್ರ ಸುಳ್ಳು ಬೇಡ.’

‘ಆ ಕಡೆ ಕೆಲಸ ಇತ್ತು ಸಾಹುಕಾರ್ರೇ.’

‘ಇರಲಿ ಬಿಡಿ. ಹೆಂಡತಿ ಬಿಟ್ಟುಹೋದ್ರೂ ಸಹಿಸ್ಕೋಬೋದು, ಗಿರಾಕಿ ಬಿಟ್ಟುಹೋದ್ರೆ...’ ಎಂದವನು ನಾಲಿಗೆ ಕಚ್ಚಿಕೊಂಡು, ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸತೊಡಗಿದ. ‘ತಪ್ಪು ತಿಳೀಬೇಡಿ. ಹಾಳು ಬಾಯಿ.’

‘ಅದಕ್ಕೆ ಗ್ಯಾರಂಟಿ ಇಲ್ವಾ ಮಾಮ?’ ಎಂದಳು ಮಗಳು. ಮೂವರೂ ನಕ್ಕರು. ನಗಬೇಕಾಗಿತ್ತು.

ವಿನಿಮಯಕ್ಕೂ ಒಂದು ಕಟ್ಟಳೆಯಿತ್ತು. ಹಳೆಯ ಮಷಿನ್ನನ್ನು ತಂದವರ ಕಣ್ಣೆದುರಿಗೇ ಅದರ ಹಿಡಿಗೆ ತೂತು ಹೊಡೆದು ಕೆಡಿಸಬೇಕು. ‘ಕಂಪನಿ ರೂಲು. ಇಲ್ದಿದ್ರೆ ನಾವು ಒರೆಸಿ ಮತ್ತೆ ಮಾರ್ತೀವಿ ಅಂತ ಅವರಿಗೆ ಅನುಮಾನ’ ಎಂದ ಸಾಹುಕಾರ ದನಿ ತಗ್ಗಿಸಿ, ‘ಅನುಮಾನ ಸರಿಯಾಗೇ ಇದೆ ಬಿಡಿ’ ಎಂದ.

ಉದ್ದಣ್ಣ ತನ್ನ ಮಷಿನ್ನನ್ನು ಕೊಟ್ಟ. ಮೇಜಿಗೆ ಬಿಗಿದ ಡ್ರಿಲ್ಲಿನ ಕೆಳಗೆ ಅದರ ಹಿಡಿ ತೂತಾಗುವುದನ್ನು ನಗುತ್ತಲೇ ನೋಡಿದ. ‘ನೋವಾಗಲ್ಲ ತಾನೆ?’

‘ಗ್ಯಾರಂಟಿ ಆಗಲ್ಲ. ಇನ್ನೊಂದು ಕೊಡಿ.’

ಉದ್ದಣ್ಣ ಎರಡನೆಯ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ‘ಇದೊಂದು ಬೇಡ. ಒಂದಕ್ಕೆ ಒಂದೇ ಕೊಡಿ.’

ಮಗಳ ಎಡಗೈ ತಾನಾಗಿ ಬಲಭುಜದ ಮೇಲೆ ಹೋಯಿತು. ‘ಸರಿ. ಕೊಡೋದು ಬೇಡ. ಒಂದ್ಸಲ ಕೈಯಲ್ಲಿ ಹಿಡಿದು ನೋಡ್ತೀನಪ್ಪ, ಅಷ್ಟೇ. ಅಮ್ಮ ಹೋದಮೇಲೆ ನೀನು ತೋರ್ಸೇ ಇಲ್ಲ’ ಎಂದು ಕೈ ಚಾಚಿದಳು.

ಇದಕ್ಕೆ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ತಾಯಿಯ ವಸ್ತುವನ್ನು ಮಗಳು ಹಿಡಿದು ನೋಡಬಾರದೆಂದರೆ ಹೇಗೆ? ಮುಚ್ಚಳ ತೆರೆದ. ಗುಂಡಿ ಹಿಂದಕ್ಕೆ ಒತ್ತಿದ ಹಾಗೆಯೇ ಇತ್ತು. ಹಾಗೆಯೇ ಕೊಡುತ್ತೇನೆ, ಹಾಗೆಯೇ ತೆಗೆದುಕೊಳ್ಳುತ್ತೇನೆ ಎಂದುಕೊಂಡ. ಬ್ಯಾಟರಿ ಎಂದೋ ಸತ್ತಿತ್ತು. ಅಪಾಯದ ಮಾತೇ ಇರಲಿಲ್ಲ. ಹಿಡಿಗೆ ಕೈಹಾಕಿ ಎತ್ತಿದ. ಅಷ್ಟು ಕಾಲದ ಮೇಲೆ ಅದರ ತೂಕ ಅಂಗೈಗೆ ಬಂದದ್ದೇ ತಡ, ಎದುರಿಗೆ ಚಾಚಿದ ಕೈಯನ್ನು ಕಂಡದ್ದೇ ತಡ, ಅವನ ತೋರುಬೆರಳು ತನ್ನ ಕೆಲಸ ಮಾಡಿತು.

‘ನಡು.’

ಟಕ್ ಎಂದಿತು.

‘ಬಂತು’ ಎಂದು ಮಗಳು ತೆಗೆದುಕೊಂಡಳು.

ಅವನ ಕೈ ಗಾಳಿಯಲ್ಲೇ ಉಳಿಯಿತು. ಮಗಳು ಮಷಿನ್ನನ್ನು ತಿರುಗಿಸಿ ನೋಡಿದಳು, ಹಿಡಿಯಲ್ಲಿ ತಾಯಿಯ ಬೆರಳುಗಳು ಸವೆಸಿದ ಜಾಗದಲ್ಲಿ ತನ್ನ ಬೆರಳುಗಳನ್ನಿಟ್ಟಳು, ಕಣ್ಣು ತುಂಬಿಕೊಂಡು, ‘ನಂಗೂ ಸರಿಯಾಗೇ ಕೂರುತ್ತೆ’ ಎಂದಳು. ಅವನಿಗೆ ಕಾಣುತ್ತಿದ್ದುದು ನಡುವೆ ನಿಂತ ಗುಂಡಿ ಮಾತ್ರ. ಅದನ್ನು ಮತ್ತೆ ಹಿಂದಕ್ಕೆ ಒತ್ತಬಹುದಿತ್ತು. ಒತ್ತಿದರೆ ನೋಡುವವರಿಗೆ ಏನೇನೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆದರೆ ಹಾಗೆ ಒತ್ತಿದವನು ಅವನಾಗುತ್ತಿದ್ದ; ಮತ್ತೆ ಏಳುತ್ತೇನೆ ಎಂದುಕೊಂಡವಳಾಗುತ್ತಿರಲಿಲ್ಲ.

‘ಇದನ್ನೂ ತಗೊಳ್ಳಿ ಸಾಹುಕಾರ್ರೇ.’

‘ಅಪ್ಪ? ನಿಜವಾಗ್ಲೂ? ನನಗೋಸ್ಕರ ಆದ್ರೆ ಬೇಡಪ್ಪ.’

‘ತಗೊಳ್ಳಿ ಅಂದೆ.’

ಎರಡನೆಯ ಹಿಡಿಗೆ ತೂತು ಹೊಡೆಯುವಾಗ ಅವನು ರಸ್ತೆಯ ಕಡೆಗೆ ಮುಖ ಮಾಡಿ ನಿಂತಿದ್ದ. ಕಾಗದ ಸುರುಳಿಗೊಂಡಂತೆ ಹಳದಿ ಪ್ಲಾಸ್ಟಿಕ್ಕಿನ ಎಳೆಯೊಂದು ಮೇಜಿನಿಂದ ನೆಲಕ್ಕೆ ಬಿತ್ತು.

ಮನೆಗೆ ಬಂದ ಮೇಲೆ ಮಗಳು ಹೊಸ ಮಷಿನ್ನುಗಳನ್ನು ಹೊರತೆಗೆದು, ಎಷ್ಟು ಹಗುರ, ಎಷ್ಟು ಹಗುರ ಎಂದು ಸಂಭ್ರಮಪಟ್ಟಳು. ಅಪ್ಪ ತನಗಾಗಿ ಮನಸ್ಸು ಕರಗಿಸಿಕೊಂಡನೆಂಬ ಸಂತೋಷ ಅವಳಿಗೆ. ಆ ಸಂತೋಷದಲ್ಲೇ ಅಡುಗೆಮನೆಗೆ ಹೋಗಿ ವಾಲಿದ ಹಲಗೆಯನ್ನು ನೋಡಿ, ‘ಮೊದಲ ಕೆಲಸ ನಮ್ಮನೇದೇ ಆಗ್ಲಿ. ಅಮ್ಮ ಬಿಟ್ಟಿದ್ದನ್ನ ಮುಗಿಸೋಣ’ ಎಂದಳು.

ಉದ್ದಣ್ಣ ಆಗ ಹೇಳಿದ. ನಿಂತಲ್ಲೇ ನಿಂತು, ಗೋಡೆಯ ಕಡೆ ನೋಡುತ್ತ, ಗುಂಡಿಯ ವಿಷಯವನ್ನು ಯಾರದೋ ಮನೆಯ ಅಳತೆ ಹೇಳುವಂತೆ ಹೇಳಿದ. ಮಗಳು ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಕೂತಳು.

‘ಮೊದ್ಲೇ ಹೇಳಿದ್ರೆ ನಾನು ಕೈನೇ ಚಾಚ್ತಿರ್ಲಿಲ್ವಲ್ಲಪ್ಪ.’

‘ಏನಂತ ಹೇಳ್ಲಿ ಪುಟ್ಟಿ? ಒಂದು ಗುಂಡಿ ಆ ಕಡೆ ಇದೆ, ಮುಟ್ಬೇಡ ಅಂತಲಾ? ಹೇಳೋಕೆ ಹೋದ್ರೆ ನಂಗೇ ನಗು ಬರ್ತಿತ್ತು.’

‘ನಾನು “ಬಂತು” ಅಂದ್ಬಿಟ್ನಲ್ಲ.’

‘ಅನ್ನಲೇಬೇಕಲ್ಲ. ನಾನು “ನಡು” ಅಂದಮೇಲೆ.’

ಅವಳು ಅತ್ತಳು. ಅವನು ಅವಳ ಭುಜದ ಮೇಲೆ ಕೈಯಿಡಲು ಹೋಗಿ, ಅದು ಉಳುಕಿದ್ದು ನೆನಪಾಗಿ, ಎಲ್ಲಿ ಇಡಬೇಕೆಂದು ತಿಳಿಯದೆ ಕೈ ಹಿಂದಕ್ಕೆಳೆದುಕೊಂಡ.

ಕೆಲಸ ಮತ್ತೆ ಚುರುಕಾಯಿತು. ಹೊಸ ಜೋಡಿ ಚೆನ್ನಾಗಿ ನಡೆಯಿತು. ಹೊರಗಿನ ಮನೆಗಳಲ್ಲಿ ಉದ್ದಣ್ಣನ ಬಾಯಲ್ಲಿ ‘ನಡು’ ಬರುತ್ತಿತ್ತು, ತುಸು ತಡವಾಗಿ. ಅಷ್ಟರಲ್ಲಿ ಅಡುಗೆಮನೆಯ ಗೋಡೆಯಲ್ಲಿ, ಉಳಿದೆರಡು ಸ್ಕ್ರೂಗಳ ಸುತ್ತ, ಗಾರೆ ಸಣ್ಣಗೆ ಉದುರತೊಡಗಿತು. ಒಂದು ಮಧ್ಯಾಹ್ನ ಅವನೇ, ‘ಇವತ್ತು ಇಳಿಸಿಬಿಡೋಣ. ಯಾರ ತಲೆ ಮೇಲಾದ್ರೂ ಬಿದ್ದೀತು’ ಎಂದ.

‘ನಾನು ಬಿಚ್ತೀನಪ್ಪ. ಅಮ್ಮನ ಸ್ಟೂಲು ನಂಗೆ ಸರಿಹೋಗುತ್ತೆ.’

ಮಗಳು ಸ್ಟೂಲು ಹತ್ತಿ ಎಡಗೈಯಿಂದ ಹಲಗೆಯನ್ನು ಆನಿಸಿಕೊಂಡು ಬಲಗೈಯನ್ನು ಕೆಳಗೆ ಚಾಚಿದಳು. ಉದ್ದಣ್ಣ ಹೊಸ ಮಷಿನ್ನನ್ನು ಎತ್ತಿ ಹಿಡಿದ. ಬೆರಳು ಗುಂಡಿಯನ್ನು ಆಗಲೇ ನಡುವಿಗೆ ತಂದಿತ್ತು. ಮಾತು ಮಾತ್ರ ಬಾಕಿ.

ಮಗಳು ಕಾದಳು. ಕೇಳಿಸದೆ ಕೈಮುಟ್ಟುವಂತಿರಲಿಲ್ಲ, ಅದು ಅಮ್ಮ ಮಾಡಿದ ಕಟ್ಟಳೆ.

‘ಹೇಳಪ್ಪ.’

ಅವನ ತುಟಿ ಅಲುಗಿತು.

‘ಅಪ್ಪ. ಹೇಳು.’

ಅವನು ತಲೆಯಾಡಿಸಿದ. ಹೇಳುತ್ತೇನೆಂದೋ, ಆಗದೆಂದೋ, ಅವಳಿಗೆ ತಿಳಿಯಲಿಲ್ಲ. ಮಷಿನ್ನು ಅವನ ಕೈಯಲ್ಲೇ ಇತ್ತು, ಅವಳ ಅಂಗೈ ತೆರೆದೇ ಇತ್ತು, ನಡುವೆ ಒಂದು ಗೇಣಿನಷ್ಟು ಜಾಗ. ಭುಜ ನೋಯತೊಡಗಿದಾಗ ಅವಳು ಕೈ ಹಿಂದೆಗೆದಳು. ‘ಇರ್ಲಿ ಬಿಡಪ್ಪ. ಇನ್ನೊಂದಿನ’ ಎಂದು ಸ್ಟೂಲಿನಿಂದ ಇಳಿದು, ಚಹಾಕ್ಕೆ ನೀರಿಟ್ಟಳು.

ಹಲಗೆ ಈಗಲೂ ಎರಡು ಸ್ಕ್ರೂಗಳ ಮೇಲೆ ವಾಲಿ ನಿಂತಿದೆ. ಅದರ ಕೆಳಗೆ ಉದ್ದಣ್ಣ ಒಂದು ಮರದ ಊರುಗೋಲು ಕೊಟ್ಟಿದ್ದಾನೆ. ಸ್ಕ್ರೂ ಇಲ್ಲದೆ, ಸುಮ್ಮನೆ ಆನಿಸಿ. ಮೇಲೆ ಯಾರೂ ಏನನ್ನೂ ಇಡುವುದಿಲ್ಲ. ಅವಳು ಬಿಚ್ಚಿದ ಸ್ಕ್ರೂಗಳು ಅವಳಿಟ್ಟ ಮುಚ್ಚಳದಲ್ಲೇ ಇವೆ.